ಕುಂಕುಮದ ಭರಣಿಯಲ್ಲಿ ಸಿಮ್ಮು

ಡಲ್ಲಾಸಿನಲ್ಲಿ ಮಗಳ ಬಾಣಂತನ ಮುಗಿಸಿ, ಆರು ತಿಂಗಳಿಗೆ ಕೊಟ್ಟೂರಿಗೆ ತಿರುಗಿ ಬಂದ ಚಿಗವ್ವ ಬ್ಯಾಗು ಬಿಚ್ಚಿದವಳೇ ಮೊದಲು ಕುಂಕುಮದ ಭರಣಿ ತೆಗೆದಳು. ಅದರೊಳಗಿಂದ ಕಿರುಬೆರಳ ಉಗುರಿನಷ್ಟಿರುವ ಒಂದು ಚೂರು ಹೆಕ್ಕಿ, ಸೆರಗಿನಿಂದ ಒರೆಸಿ, ನನ್ನ ಅಂಗೈ ಮೇಲಿಟ್ಟಳು. ಒರೆಸಿದರೂ ಕೆಂಪು ಹೋಗಿರಲಿಲ್ಲ. ಅದು ಅವಳ ಸಿಮ್ಮು.

“ಎಲ್ಲರ ಕಳ್ಕಂಡೀನಿ ಅಂತ ಇದ್ರಾಗ ಇಟ್ಟಿದ್ದೆ. ಹಾಕ್ಕೊಡು ತಮ್ಮಾ” ಅಂದಳು.

ಮೇ ತಿಂಗಳಲ್ಲಿ ಅವಳು ಅಲ್ಲಿ ಇಳಿದ ದಿನವೇ ಅಳಿಯ ಆ ಸಿಮ್ಮನ್ನು ತೆಗೆದು, ಅಲ್ಲಿಯದೊಂದು ಹಾಕಿಕೊಟ್ಟಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅತ್ತೆಗೆ ನೆಟ್ ಸಿಗಬೇಕು, ಊರಿನ ಜೊತೆ ವಿಡಿಯೊ ಕಾಲ್ ಆಗಬೇಕು. ಎರಡೂ ಚೆನ್ನಾಗಿಯೇ ನಡೆದವು. ವಾಟ್ಸ್‌ಆ್ಯಪ್ ಹಳೇ ನಂಬರಿನಲ್ಲೇ ಓಡುತ್ತಿತ್ತು, ದಿನಾ ಬೆಳಿಗ್ಗೆ ನಮಗೆಲ್ಲ ಕೊಟ್ಟೂರೇಶ್ವರನ ಫೋಟೊ ಬರುತ್ತಿತ್ತು. ಹಾಗಾಗಿ ನಂಬರು ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಆಗಸ್ಟ್ ಕೊನೆಗೆ ಬ್ಯಾಂಕಿನ ಓಟಿಪಿ ಬರಲಿಲ್ಲ ಎಂದಾಗಲೂ ‘ಅಮೆರಿಕಕ್ಕೆ ಬರಲ್ಲೇನೋ’ ಅಂತ ಸುಮ್ಮನಾದೆವು. ನವೆಂಬರಿನಲ್ಲಿ ಅವಳು ಬಂದ ಮೇಲೆ ಸಿಮ್ ಹಾಕಿದರೆ ಗೋಪುರದ ಗೆರೆ ಒಂದೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯ ಹುಡುಗ ಏನೇನೋ ಒತ್ತಿ ನೋಡಿ, “ಇದು ಹೋಗೈತ್ರಿ” ಅಂದ. ನಮ್ಮ ಕಡೆ ಮನುಷ್ಯರು ತೀರಿಕೊಂಡರೂ ಇದೇ ಮಾತು. ಚಿಗವ್ವ ಬಾಯಿಗೆ ಸೆರಗು ಹಿಡಿದಳು, ಅಷ್ಟು ದುಃಖ ಆಯಿತೆಂದಲ್ಲ, ಅಭ್ಯಾಸಬಲ.

ನಿಯಮ ಬಹಳ ಸರಳ. ಪ್ರೀಪೇಯ್ಡ್ ನಂಬರಿನಲ್ಲಿ 90 ದಿನ ಕರೆ, ಮೆಸೇಜು, ಡೇಟಾ ಒಂದೂ ನಡೆಯದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿದುಕೊಂಡು ಇನ್ನಷ್ಟು ದಿನ ಉಸಿರು ಹಿಡಿದಿಡುತ್ತಾರೆ. ರದ್ದಾದ ನಂಬರು ಕನಿಷ್ಠ 90 ದಿನ ಯಾರಿಗೂ ಸಿಗದೆ ಖಾಲಿ ಇರುತ್ತದೆ, ಆಮೇಲೆ ಹೊಸಬರೊಬ್ಬರಿಗೆ ಹೋಗುತ್ತದೆ. ಇದನ್ನು ದೂರಸಂಪರ್ಕ ನಿಯಂತ್ರಕ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೇ ಹೇಳಿದೆ. ಇತ್ತ ಬಾಣಂತನಕ್ಕೆ ಹೋಗುವ ಅವ್ವಂದಿರಿಗೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಕೊಡುವ ಅವಧಿ ಆರು ತಿಂಗಳು. ಮೂರು ತಿಂಗಳಿಗೆ ಸಾಯುವ ನಂಬರು, ಆರು ತಿಂಗಳಿಗೆ ತಿರುಗಿ ಬರುವ ಯಜಮಾನತಿ. ಲೆಕ್ಕ ಕೂಡುವುದೇ ಇಲ್ಲ.

ಪರದೇಶಕ್ಕೆ ಹೊರಟಾಗ ಇಂಟರ್‌ನೆಟ್ ಬಗ್ಗೆ ಯಾರನ್ನು ಕೇಳಿದರೂ ‘ಅಲ್ಲಿ’ ನೆಟ್ ಹೇಗೆ ಸಿಗುತ್ತದೆ ಎಂದೇ ಶುರು ಮಾಡುತ್ತಾರೆ. ಅಲ್ಲಿ ಸಿಗುವುದು ಈಗ ದೊಡ್ಡ ಮಾತಲ್ಲ. ‘ಇಲ್ಲಿಯ’ ನಂಬರನ್ನು ಉಳಿಸಿಕೊಳ್ಳುವುದು ದೊಡ್ಡ ಮಾತು. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಪಿಂಚಣಿ ಎಲ್ಲದರ ಬೀಗದ ಕೈ ಅದೇ ಹತ್ತು ಅಂಕಿಯಲ್ಲಿದೆ. ಚಿಗವ್ವ ರಿಟೈರ್ಡ್ ಟೀಚರು. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಅದನ್ನು ಮನೆಯಿಂದಲೇ ಕೊಡಬಹುದು, ಆದರೆ ಅದಕ್ಕೂ ಮೊಬೈಲ್ ನಂಬರು ಬೇಕು. ತಾನು ಬದುಕಿದ್ದೇನೆ ಎಂದು ಹೇಳಲು ತನ್ನ ನಂಬರೂ ಬದುಕಿರಬೇಕು ಎಂಬ ಕಾಲ ಬಂತಲ್ಲ ಅಂತ ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಲೇಖಕ ಬೀಚಿ ಇದ್ದಿದ್ದರೆ ತಮ್ಮ ತಿಂಮನ ಬಾಯಲ್ಲಿ ಏನಾದರೂ ಹೇಳಿಸುತ್ತಿದ್ದರು. ಅವಳು ಕೊನೆಗೆ ಬ್ಯಾಂಕಿಗೇ ಹೋಗಿ, ಕೌಂಟರಿನ ಮುಂದೆ ನಿಂತು, ತಾನು ಇರುವುದನ್ನು ತೋರಿಸಿ ಸಹಿ ಹಾಕಿ ಬಂದಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕು ಮೊದಲಿನಿಂದಲೂ ಗುಳೆ ಹೋಗುವ ಸೀಮೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು ಕಾಫಿ ಸೀಮೆಗೋ ಬೆಂಗಳೂರಿಗೋ ಬಸ್ ಹತ್ತುವುದು ನಮಗೆ ಹೊಸದಲ್ಲ. ದೂರ ಹೋದವರ ಸುದ್ದಿಗೆ ಕಾಯುವುದೂ ಹೊಸದಲ್ಲ. ನಾನು ಹುಡುಗನಾಗಿದ್ದಾಗ ಕೊಟ್ಟೂರಿನಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂತು. ಗಾಜಿನ ಡಬ್ಬಿ, ಒಳಗೆ ಸೆಖೆ, ನೆತ್ತಿಯ ಮೇಲೆ ಕೆಂಪು ಅಂಕಿ ಓಡುವ ಮೀಟರು. ಮಾತಿಗಿಂತ ಮೀಟರಿನ ಮೇಲೇ ಕಣ್ಣು. ಕೂಡ್ಲಿಗಿಗೆ 08391, ಹಗರಿಬೊಮ್ಮನಹಳ್ಳಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ಬೀಗರ ಮನೆ ಹತ್ತು ಹರದಾರಿ ದೂರ ಇದ್ದರೂ ಸೊನ್ನೆಯಿಂದಲೇ ಶುರು ಮಾಡಬೇಕು. ದುಬೈಗೆ, ಸೌದಿಗೆ ಮಾತಾಡುವವರು ಬಂದರೆ ಬೂತಿನವನ ಮುಖದ ಕಳೆಯೇ ಬೇರೆ, ‘ಐಎಸ್‌ಡಿ ಐತಿ, ಸ್ವಲ್ಪ ಸರೀರಿ’ ಅಂತ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದ.

ಮೊಬೈಲ್ ಬಂದ ಮೇಲೆ ನಮ್ಮವರಿಗೆ ಪರದೇಶ ಎಂದರೆ ಏನು ಎಂದು ಮೊದಲು ಕಲಿಸಿದ್ದು ಆಂಧ್ರದ ಗಡಿ. ಗುಡೇಕೋಟೆ ದಾಟಿ ರಾಯದುರ್ಗದ ಕಡೆ ಹೋದರೆ ಬೇರೆ ರಾಜ್ಯದ ಗೋಪುರ ಹಿಡಿಯಿತೆಂದೇ ಲೆಕ್ಕ, ಬರುವ ಕರೆಗೂ ದುಡ್ಡು. ‘ರೋಮಿಂಗ್ ಬೀಳ್ತತಿ, ಇಡು ಇಡು’ ಎನ್ನುವುದು ಆಗಿನ ಕಾಲದ ಅತಿ ಅವಸರದ ಮಾತು. ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ಹೋದವರು ಮಿಸ್ಡ್ ಕಾಲ್ ಕೊಟ್ಟು ‘ಮುಟ್ಟಿದೆವು’ ಎಂದು ತಿಳಿಸುತ್ತಿದ್ದರು. 2017ರ ಹೊತ್ತಿಗೆ ದೇಶದೊಳಗಿನ ಈ ರಗಳೆ ಹೋಯಿತು. (ರೋಮಿಂಗ್ ಅಂದರೆ ಹರಪನಹಳ್ಳಿಯವರ ಎದುರು ಯಾರೂ ಜಂಬ ಮಾಡಬಾರದು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೂತಲ್ಲಿಂದ ಏಳದೆ ಮೂರು ಜಿಲ್ಲೆ ತಿರುಗಿದ ಊರು ಅದು.)

ದೇಶದಾಚೆಯ ರೋಮಿಂಗು ಮಾತ್ರ ಈಗಲೂ ಹಳೇ ಬೂತಿನ ಮೀಟರೇ. ನಮ್ಮ ಸಿಮ್ಮಿನಲ್ಲೇ ಅಲ್ಲಿ ಡೇಟಾ ಬಳಸಿದರೆ ಅದು ಅಲ್ಲಿಯ ಗೋಪುರ ಹಿಡಿದರೂ ಸಾಮಾನ್ಯವಾಗಿ ನಮ್ಮ ಕಂಪನಿಯ ಜಾಲಕ್ಕೇ ಬಂದು, ಇಲ್ಲಿಂದ ಜಗತ್ತಿಗೆ ಹೋಗುತ್ತದೆ. ಡಲ್ಲಾಸಿನಲ್ಲಿ ಕೂತು ಡಲ್ಲಾಸಿನ ಅಂಗಡಿಯ ದಾರಿ ಕೇಳಿದರೂ ಪ್ರಶ್ನೆ ಸಮುದ್ರದಡಿಯ ಕೇಬಲ್ಲಿನಲ್ಲಿ ಭಾರತಕ್ಕೆ ಬಂದು ಹೋಗಬೇಕು. ಪಕ್ಕದ ಮನೆಗೆ ಹೆಪ್ಪು ತರಲು ಹೊಸಪೇಟೆಗೆ ಹೋಗಿ ಬಂದ ಹಾಗೆ. ನಿಧಾನ, ದುಬಾರಿ. ಆದರೆ ಇದರಿಂದ ಒಂದು ವಿಚಿತ್ರ ಲಾಭವೂ ಉಂಟು: ವಾಟ್ಸ್‌ಆ್ಯಪ್, ಗೂಗಲ್ ಎರಡಕ್ಕೂ ಅಡ್ಡಗೋಡೆ ಇರುವ ಚೀನಾದಲ್ಲಿ ಭಾರತದ ಸಿಮ್ಮಿನ ರೋಮಿಂಗಿನಲ್ಲಿ ಅವೆರಡೂ ತೆರೆಯುತ್ತವೆ, ಅಲ್ಲಿಯ ಹೋಟೆಲಿನ ವೈಫೈನಲ್ಲಿ ತೆರೆಯುವುದಿಲ್ಲ. ಯೂರೋಪಿನವರು ತಮ್ಮ ತಮ್ಮಲ್ಲಿ 2017ರ ಜೂನ್‌ನಿಂದ ಈ ಮೀಟರನ್ನೇ ಕಿತ್ತುಹಾಕಿದ್ದಾರೆ. ನಮ್ಮ ಹಣೆಬರಹಕ್ಕೆ ಇನ್ನೂ ದಿನದ ಪ್ಯಾಕು, ವಾರದ ಪ್ಯಾಕು.

ಹಾಗಾದರೆ ಚಿಗವ್ವ ಏನು ಮಾಡಬೇಕಿತ್ತು? ಉತ್ತರ ಅವಳ ಫೋನಿನಲ್ಲೇ ಇತ್ತು. ನಮ್ಮ ದೇಶದಲ್ಲಿ ಮಾರುವ ಸಾಧಾರಣ ಫೋನಿಗೂ ಎರಡು ಸಿಮ್ಮಿನ ಜಾಗ ಇರುತ್ತದೆ. ಊರಿನ ಸಿಮ್ಮು ಒಂದರಲ್ಲಿ, ಅದಕ್ಕೆ ಡೇಟಾ ಬಂದ್, ಬರೀ ಮೆಸೇಜು ಬರಲಿಕ್ಕೆ. ಅಲ್ಲಿಯ ಸಿಮ್ಮು ಇನ್ನೊಂದರಲ್ಲಿ, ನೆಟ್ಟಿಗೆ. ಹೊರಡುವ ಮುಂಚೆ ಇಲ್ಲೇ ಅಂತರರಾಷ್ಟ್ರೀಯ ರೋಮಿಂಗ್ ತೆರೆಸಿಕೊಂಡು, ವರ್ಷದ ರೀಚಾರ್ಜ್ ಹಾಕಿಸಿಬಿಟ್ಟರೆ ನಂಬರು ಉಸಿರಾಡಿಕೊಂಡಿರುತ್ತದೆ, ಓಟಿಪಿಯೂ ಬರುತ್ತದೆ. ನಡುವೆ ಒಮ್ಮೊಮ್ಮೆ ಅದರಿಂದ ಒಂದು ಮೆಸೇಜು ಕಳಿಸಿದರೆ ಇನ್ನೂ ಒಳ್ಳೆಯದು. ಇ-ಸಿಮ್ ಇರುವ ಫೋನಾದರೆ ಅಲ್ಲಿಯ ಸಂಪರ್ಕವನ್ನು ಕ್ಯೂಆರ್ ಕೋಡಿನಿಂದ ಇಳಿಸಿಕೊಳ್ಳಬಹುದು, ಚೂರು ತೆಗೆಯುವ ಹಾಕುವ ಗೋಜೇ ಇಲ್ಲ. ಅಮೆರಿಕದಲ್ಲಿ ಮಾರುವ ಐಫೋನಿಗಂತೂ 2022ರ ಐಫೋನ್ 14ರಿಂದೀಚೆಗೆ ಸಿಮ್ ತೂರಿಸುವ ಕಿಂಡಿಯೇ ಇಲ್ಲ. ಅಲ್ಲಿಯ ಫೋನು ಕೊಟ್ಟು ಅತ್ತೆಗೆ ಉಪಕಾರ ಮಾಡುವ ಅಳಿಯಂದಿರು ಇದನ್ನು ನೆನಪಿಡಬೇಕು, ಕುಂಕುಮ ಅಂಟಿದ ಚೂರನ್ನು ಅದಕ್ಕೆ ಹಾಕಲು ಜಾಗವೇ ಇರುವುದಿಲ್ಲ. 2025ರ ನವೆಂಬರ್ ಕೊನೆಗೆ ನಮ್ಮ ದೂರಸಂಪರ್ಕ ಇಲಾಖೆ, ವಾಟ್ಸ್‌ಆ್ಯಪ್‌ನಂಥವು ನೋಂದಾಯಿಸಿದ ಸಿಮ್ಮು ಫೋನಿನಲ್ಲೇ ಇದ್ದರೆ ಮಾತ್ರ ನಡೆಯಬೇಕು ಎಂಬ ನಿರ್ದೇಶನವನ್ನೂ ಹೊರಡಿಸಿತು. ಭರಣಿಯ ಪದ್ಧತಿಗೆ ಇನ್ನು ಉಳಿಗಾಲವಿಲ್ಲ.

ಕೀಪ್ಯಾಡ್ ಫೋನು ಒಯ್ಯುವ ಹಿರಿಯರಿಗೆ ಇನ್ನೊಂದು ಮಾತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿಯನ್ನೇ ಮುಚ್ಚಿದವು, ಆಸ್ಟ್ರೇಲಿಯಾ 2024ರಲ್ಲಿ ಮುಚ್ಚಿತು. ನಮ್ಮ ಹಳೇ 2ಜಿ ಡಬ್ಬಿ ಅಲ್ಲಿ ಗಡಿಯಾರಕ್ಕೆ ಮಾತ್ರ ಉಪಯೋಗ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಎಲ್ಲಿಯಾದರೂ ನಡೆಯುತ್ತದೆ, ಪಿನ್ನು ಬದಲಿಸುವ ಅಡಾಪ್ಟರ್ ಸಾಕು. ಶೇಂಗಾ ಚಟ್ನಿ ಅರೆಯಲು ಊರಿನ ಮಿಕ್ಸರ್ ಒಯ್ಯುವವರಿಗೆ ಆ ಭಾಗ್ಯವಿಲ್ಲ, ಅಲ್ಲಿಯ ಕರೆಂಟು 120 ವೋಲ್ಟು. ಚಿಗವ್ವ ಒಯ್ದಿದ್ದಳು. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಿದರೆ ತೆಗೆಸುತ್ತಾರೆ. 20,000 ಎಂದು ಬರೆದದ್ದು ಸುಮಾರು 74 ವಾಟ್-ಅವರ್ ಆಗುತ್ತದೆ, ವಿಮಾನದ ಮಿತಿ 100. ಅಡ್ಡಿಯಿಲ್ಲ.

ಅವಳು ಹೋಗುವಾಗಿನ ಪ್ರಯಾಣದಲ್ಲಿ ನಮಗೆಲ್ಲ ಜೀವ ಬಾಯಿಗೆ ಬಂದದ್ದು ದೋಹಾದಲ್ಲಿ. ಬೆಂಗಳೂರಿನಿಂದ ದೋಹಾ, ಅಲ್ಲಿ ಇಳಿದು ಕೆಲವು ತಾಸು ಕಾದು ಡಲ್ಲಾಸಿನ ವಿಮಾನ. ವೀಲ್‌ಚೇರ್ ಹೇಳಿಸಿದ್ದೆವು. ನಾನು ಒಂದು ಹಾಳೆಯಲ್ಲಿ ಹತ್ತು ವಾಕ್ಯ ಬರೆದುಕೊಟ್ಟಿದ್ದೆ, ಮೇಲೆ ಇಂಗ್ಲಿಷು, ಕೆಳಗೆ ಕನ್ನಡ: ನನ್ನ ಮುಂದಿನ ವಿಮಾನ ಇದು, ನನಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ವೈಫೈ ಹಾಕಿಕೊಡಿ, ಈ ನಂಬರಿಗೆ ನಾನು ಮುಟ್ಟಿದೆ ಎಂದು ತಿಳಿಸಿ. ಫೋನಿನಲ್ಲಿ ಗೂಗಲ್ ಅನುವಾದದ ಕನ್ನಡವನ್ನು ಮೊದಲೇ ಇಳಿಸಿಕೊಟ್ಟಿದ್ದೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಅದನ್ನವಳು ತೆರೆಯಲೇ ಇಲ್ಲ. ಹಾಳೆಯನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಮೂರು ತಾಸು ಸುದ್ದಿಯಿಲ್ಲ. ಅತ್ತ ಡಲ್ಲಾಸಿನಲ್ಲಿ ಮಗಳು, ಇತ್ತ ಕೊಟ್ಟೂರಿನಲ್ಲಿ ನಾವು, ವಾಟ್ಸ್‌ಆ್ಯಪಿನ ಒಂಟಿ ಟಿಕ್ಕನ್ನೇ ನೋಡುತ್ತ ಕೂತೆವು. ಆಮೇಲೆ ಒಂದೇ ಸಲಕ್ಕೆ ಎಲ್ಲವೂ ಜೋಡಿ ಟಿಕ್ಕಾಗಿ, ಒಂದು ವಾಯ್ಸ್ ಮೆಸೇಜು ಬಂತು: “ಕರಡಿ ಹತ್ರ ಅದೀನಿ. ಚೊಲೋ ಅದೀನಿ.” ಯಾವ ಕರಡಿ? ಗಾಬರಿಯಾಯಿತು. ದೋಹಾ ವಿಮಾನ ನಿಲ್ದಾಣದ ನಡುವೆ ತಲೆಗೆ ದೀಪ ಚುಚ್ಚಿಕೊಂಡ ಭಾರಿ ಹಳದಿ ಕರಡಿಯ ಬೊಂಬೆ ಇದೆ. ಸ್ವಿಸ್ ಕಲಾವಿದ ಉರ್ಸ್ ಫಿಷರ್ ಮಾಡಿದ್ದಂತೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಹುಟ್ಟಿ, ಗುಡೇಕೋಟೆಯ ಕರಡಿಗಳ ಕತೆ ಕೇಳಿ ಬೆಳೆದವಳಿಗೆ ಆ ನಿಲ್ದಾಣದಲ್ಲಿ ಗುರುತಿನದು ಅದೊಂದೇ. ಕುರ್ಚಿ ತಳ್ಳುತ್ತಿದ್ದ ನೇಪಾಳದ ಹುಡುಗ ಹಾಳೆ ಓದಿ, ತನ್ನ ಫೋನಿನ ಹಾಟ್‌ಸ್ಪಾಟ್ ತೆರೆದುಕೊಟ್ಟಿದ್ದ. ಅವನಿಗೆ ಅವಳು ಕೊಟ್ಟದ್ದು ಎರಡು ಶೇಂಗಾ ಉಂಡೆ.

ಪರದೇಶದ ನೆಟ್ಟಿನ ಫಜೀತಿ ಚಿಗವ್ವನೊಬ್ಬಳದಲ್ಲ. ಹರಪನಹಳ್ಳಿ ಕಡೆಯ ನನ್ನ ಪರಿಚಯದ ಮೇಸ್ತ್ರಿಯೊಬ್ಬರು ದುಬೈನಲ್ಲಿದ್ದರು. ಅವರ ಹೆಂಡತಿಗೆ ಬಹಳ ದಿನ ಒಂದು ಕೊರಗಿತ್ತು: ಗಂಡ ಮೆಸೇಜಿಗೆ ಉತ್ತರ ಕೊಡುತ್ತಾನೆ, ಫೋಟೊ ಕಳಿಸುತ್ತಾನೆ, ವಾಟ್ಸ್‌ಆ್ಯಪಿನಲ್ಲಿ ಕರೆ ಮಾಡಿದರೆ ಮಾತ್ರ ಎತ್ತುವುದಿಲ್ಲ. ಎತ್ತುವುದಿಲ್ಲ ಅಲ್ಲ, ಕರೆ ಕೂಡುವುದೇ ಇಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪಿನ ಧ್ವನಿ ಮತ್ತು ವಿಡಿಯೊ ಕರೆಗೆ ತಡೆ ಇದೆ, ಬರಹಕ್ಕೆ, ವಾಯ್ಸ್ ಮೆಸೇಜಿಗೆ ಇಲ್ಲ. ಮಾತಿಗೆ ಅಲ್ಲಿಯವರು ಒಪ್ಪಿದ ಬೋಟಿಮ್‌ನಂಥ ಆ್ಯಪ್ ಬೇಕು. ಇದನ್ನು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸಂಸಾರದ ಅನುಮಾನಕ್ಕೆ ಕಾರಣ ಆ ದೇಶದ ಟೆಲಿಕಾಂ ಕಾನೂನು ಎಂದು ಯಾರಿಗೆ ಹೊಳೆಯಬೇಕು!

ಹಗರಿಬೊಮ್ಮನಹಳ್ಳಿಯಿಂದ ಕಾಶಿ–ನೇಪಾಳ ಯಾತ್ರೆಗೆ ಹೋದ ನಮ್ಮ ಬಳಗದವರದ್ದು ಇನ್ನೊಂದು ಬಗೆ. ವೀಸಾ ಬೇಡದ ದೇಶವಾದ್ದರಿಂದ ಅದು ಪರದೇಶ ಎಂಬುದೇ ಅವರ ಮನಸ್ಸಿಗೆ ಬಂದಿರಲಿಲ್ಲ. ಸುನೌಲಿ ಗಡಿ ದಾಟಿ ಒಂದಿಷ್ಟು ದೂರ ಹೋಗುತ್ತಲೇ ಬಸ್ಸಿನಲ್ಲಿದ್ದ ಅಷ್ಟೂ ಫೋನು ಒಟ್ಟಿಗೇ ಸುಮ್ಮನಾದವಂತೆ. ಅದರಲ್ಲಿ ಒಬ್ಬರು ಮಾತ್ರ ಗಡಿಯ ಅಂಗಡಿಯಲ್ಲಿ ಅಲ್ಲಿಯ ಸಿಮ್ಮು ಕೊಂಡಿದ್ದರು. ಪಶುಪತಿನಾಥದಿಂದ ಮುಕ್ತಿನಾಥದವರೆಗೆ ಬಸ್ಸಿನ ಅಷ್ಟೂ ಮನೆಗಳ ಸುದ್ದಿ ಅವರ ಫೋನಿನ ಮೇಲೆ ನಡೆಯಿತು. ಮಾರ್ಚ್ 2024ರಿಂದ ನೇಪಾಳದ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ಓಡುತ್ತದೆ. ಆದರೆ ನೆಟ್ಟಿಲ್ಲದ ಫೋನಿಗೆ ಕ್ಯೂಆರ್ ಕೋಡು ತೋರಿಸಿ ಏನು ಫಲ.

ಇವೆಲ್ಲ ನಕ್ಕು ಮರೆಯುವ ಸಂಗತಿ. ನಗಲಾಗದವೂ ಇವೆ. 2022ರ ಮಾರ್ಚ್ 1ರಂದು ಯುದ್ಧದ ನಡುವೆ ಯುಕ್ರೇನಿನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯ ಚಳಗೇರಿಯವನು. ಹರಪನಹಳ್ಳಿ, ಹಡಗಲಿ ಕಡೆಯಿಂದ ನೋಡಿದರೆ ತುಂಗಭದ್ರೆಯ ಆಚೆ ದಡ. ತಿನ್ನುವ ಸಾಮಾನಿಗೆ ಅಂಗಡಿಯ ಕಡೆ ಹೋದವನು ತಿರುಗಿ ಬರಲಿಲ್ಲ. ಮರುದಿನ ಭಾರತದ ರಾಯಭಾರ ಕಚೇರಿ ಸಾಮಾಜಿಕ ಜಾಲತಾಣದಲ್ಲೇ ಒಂದು ಸೂಚನೆ ಹಾಕಿತು: ಕೂಡಲೇ ಹಾರ್ಕಿವ್ ಬಿಡಿ, ಬಸ್ಸು ರೈಲು ಸಿಗದಿದ್ದರೆ ನಡೆದೇ ಹೋಗಿ, ಸಂಜೆ 6ರೊಳಗೆ ಪೆಸೊಚಿನ್, ಬಬಾಯೆ, ಬೆಜ್ಲ್ಯುದೋವ್ಕಾ ಈ ಮೂರರಲ್ಲೊಂದು ಊರು ಸೇರಿ. ಒಂದು 11 ಕಿಲೋಮೀಟರು, ಒಂದು 12, ಇನ್ನೊಂದು 16. ಮೆಟ್ರೊ ನಿಲ್ದಾಣದ ನೆಲಮಾಳಿಗೆಯಲ್ಲಿ, ಬಂಕರಿನಲ್ಲಿ ದಿನಗಟ್ಟಲೆ ಕೂತಿದ್ದ ಹುಡುಗರಿಗೆ ಈ ಮೂರು ಹೆಸರು ಗೊತ್ತಾಗಬೇಕಾದರೆ ಫೋನಿನಲ್ಲಿ ಚಾರ್ಜು ಇರಬೇಕು, ಸಿಗ್ನಲ್ ಇರಬೇಕು, ನಕ್ಷೆ ತೆರೆಯಬೇಕು. ಆ ಹೊತ್ತಿಗೆ ಪವರ್ ಬ್ಯಾಂಕಿನ ಬೆಲೆ ಎಷ್ಟು ಎಂದು ಅವರನ್ನೇ ಕೇಳಬೇಕು.

ಮರುವರ್ಷ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಇದ್ದರು. ಹುಣಸೂರಿನ ಪಕ್ಷಿರಾಜಪುರ, ಚನ್ನಗಿರಿ, ಶಿವಮೊಗ್ಗ ಕಡೆಯಿಂದ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕದವರೆಗೆ ಹೋಗುವವರು. ಎಲ್ ಫಾಶರ್ ಊರಿನಲ್ಲೇ 31 ಜನ. ಶಾಲೆ ಕಂಡದ್ದು ಕಡಿಮೆ, ದೇಶ ಕಂಡದ್ದು ಬಹಳ. ಬಾಡಿಗೆ ಕೋಣೆಗಳ ಒಳಗೆ ಕೂತು, ಊಟ ನೀರಿಲ್ಲ ಎಂದು ಅವರು ಫೋನಿನಲ್ಲಿ ಮಾಡಿ ಕಳಿಸಿದ ವಿಡಿಯೊಗಳು ಇಲ್ಲಿಯ ಟಿವಿಗೆ, ಪತ್ರಿಕೆಗೆ, ಅಲ್ಲಿಂದ ಚುನಾವಣೆಯ ಕಾವಿನಲ್ಲಿದ್ದ ರಾಜಕಾರಣಕ್ಕೆ ಮುಟ್ಟಿದವು. ಅವರ ಕೈಯಲ್ಲಿದ್ದದ್ದು ಅಲ್ಲಿಯ ಪೇಟೆಯ ಸಿಮ್ಮು, ನೆನಪಿನಲ್ಲಿದ್ದದ್ದು ಇಲ್ಲಿಯ ನಂಬರು. ಏಪ್ರಿಲ್ 24ಕ್ಕೆ ಶುರುವಾದ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ‘ಕಾವೇರಿ’. ಪೋರ್ಟ್ ಸುಡಾನಿನಿಂದ ಜೆದ್ದಾ, ಅಲ್ಲಿಂದ ಭಾರತ. 2024ರ ಫೆಬ್ರುವರಿಯಲ್ಲಿ ಸುಡಾನಿನ ಮೊಬೈಲ್ ಜಾಲಗಳೇ ಹೆಚ್ಚುಕಡಿಮೆ ಪೂರ್ತಿ ಸತ್ತವು. ಒಂದು ವರ್ಷ ತಡವಾಗಿ ಸಿಕ್ಕಿಬಿದ್ದಿದ್ದರೆ ಆ ವಿಡಿಯೊಗಳು ಆ ಕೋಣೆಯಲ್ಲೇ ಉಳಿಯುತ್ತಿದ್ದವು.

ನೆಟ್‌ವರ್ಕ್ ಸಾಯುವುದನ್ನು ನೋಡಲು ಅಷ್ಟು ದೂರವೂ ಹೋಗಬೇಕಿಲ್ಲ ಬಿಡಿ. ಕೊಟ್ಟೂರಿನ ತೇರಿನ ದಿನ ಬನ್ನಿ. ದಾವಣಗೆರೆ, ಹರಪನಹಳ್ಳಿ, ಹಡಗಲಿ ಕಡೆಯಿಂದ ನಡೆದುಕೊಂಡೇ ಬಂದ ಜನ ಲಕ್ಷಗಟ್ಟಲೆ. ಗೋಪುರ ಅಷ್ಟೇ ಇರುತ್ತದೆ, ಫೋನು ನೂರು ಪಟ್ಟು ಆಗಿರುತ್ತದೆ. ಗೆರೆ ನಾಲ್ಕೂ ತುಂಬಿರುತ್ತವೆ, ಕರೆ ಒಂದೂ ಹೋಗುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲೂ ಹೀಗೇ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷ ಜನ ಒಮ್ಮೆಗೇ ಮೌನ, ಆಮೇಲೆ ನಾಲ್ಕು ಪದದ ಭವಿಷ್ಯವಾಣಿ, ಕಾರ್ಣಿಕ. ಸಾವಿರಾರು ಕೈಗಳು ಫೋನು ಮೇಲೆತ್ತಿ ಅದನ್ನು ಹಿಡಿಯುತ್ತವೆ, ಆದರೆ ವಿಡಿಯೊ ಅಲ್ಲಿಂದ ಹೊರಡುವುದಿಲ್ಲ. ಒಂದಿಷ್ಟು ದಾರಿ ನಡೆದು ಹೊರಗೆ ಬಂದವರ ಫೋನಿನಿಂದ ಹೊರಟು, ಮಳೆಯದೋ ರಾಜಕಾರಣದ್ದೋ ಅರ್ಥ ಹೊತ್ತು, ಗಳಿಗೆಯೊಳಗೆ ದುಬೈ ತಲುಪುತ್ತದೆ. ಅಷ್ಟು ಚಿಕ್ಕ ಮಾತಾದ್ದರಿಂದ ಎಂಥ ಸೊರಗಿದ ನೆಟ್‌ವರ್ಕಿನಲ್ಲೂ ತೂರಿಕೊಂಡು ಹೋಗುತ್ತದೆ ಎನ್ನಬೇಕು.

ಚಿಗವ್ವನ ನಂಬರಿನ ಕತೆ ಮುಗಿದದ್ದೂ ತೇರಿನ ಹೊತ್ತಿನಲ್ಲೇ. ಹೊಸ ಸಿಮ್ಮು ತಗೊಂಡು, ಆಧಾರ್ ಕೇಂದ್ರದಲ್ಲಿ ಸಾಲು ಹಚ್ಚಿ, ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಎಲ್ಲ ಬದಲಿಸಿದ್ದಾಗಿತ್ತು. ವಾಟ್ಸ್‌ಆ್ಯಪ್ ಮಾತ್ರ ಹಳೇ ನಂಬರಿನಲ್ಲೇ ಓಡುತ್ತಿತ್ತು, ಓಡುವುದನ್ನು ಯಾಕೆ ಮುಟ್ಟಬೇಕು ಎಂದು ಬಿಟ್ಟಿದ್ದೆವು. ಫೆಬ್ರುವರಿಯ ಆ ದಿನ ಅವಳು ಮಾಳಿಗೆಯ ಮೇಲೆ ನಿಂತು ಮೊಮ್ಮಗನಿಗೆ ತೇರು ತೋರಿಸಬೇಕೆಂದು ಫೋನು ತೆರೆದರೆ, ನಿಮ್ಮ ನಂಬರು ಬೇರೊಂದು ಫೋನಿನಲ್ಲಿ ನೋಂದಣಿಯಾಗಿದೆ ಎಂಬ ಸೂಚನೆ. ಅರ್ಧ ತಾಸಿನಲ್ಲಿ ನಮ್ಮ ಮನೆತನದ ಗ್ರೂಪಿನಲ್ಲಿ ಕೊಟ್ಟೂರೇಶ್ವರನ ಫೋಟೊ ಇದ್ದ ಜಾಗದಲ್ಲಿ ಕರೀ ಕನ್ನಡಕದ ಹುಡುಗನೊಬ್ಬ ಪ್ರತ್ಯಕ್ಷನಾದ. ‘ಇದು ಯಾವ ಗ್ರೂಪ್ ರೀ?’ ಅಂತ ಕೇಳಿದ.

ಹುಡುಗ ಸಿಂಧನೂರಿನವನು, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಅವನು ಪೇಟೆಯಲ್ಲಿ ದುಡ್ಡು ಕೊಟ್ಟು ತಗೊಂಡ ನಂಬರು, ಅವನದೇನು ತಪ್ಪು. ಚಿಗವ್ವ ತನ್ನ ಹೊಸ ನಂಬರಿನಿಂದ ತನ್ನ ಹಳೇ ನಂಬರಿಗೆ ತಾನೇ ಕರೆ ಮಾಡಿ, ಯಾರ ಮಗ, ಎಷ್ಟು ಜನ ಅಣ್ಣತಮ್ಮಂದಿರು, ಮಳೆ ಬೆಳೆ ಹೆಂಗೈತಿ ಎಲ್ಲ ವಿಚಾರಿಸಿದಳು. ಬ್ಯಾಂಕಿನ ಮೆಸೇಜು ಏನಾದರೂ ಬಂದರೆ ಅಳಿಸಿಬಿಡು ಎಂದೂ ಹೇಳಿದಳು. ಅವನನ್ನು ನಾನು ಗ್ರೂಪಿನಿಂದ ತೆಗೆದೆ, ಸಂಜೆಗೆ ಅವಳೇ ಬೈದಳು, ಹೇಳದೇ ಕೇಳದೇ ತೆಗೆಯೋದು ಮರ್ಯಾದೆ ಅಲ್ಲ ಅಂತ.

ಅವಳ ಜೊತೆ ಕೆಲಸ ಮಾಡಿದ ಹಳೇ ಟೀಚರುಗಳು, ಬಳೆ ಅಂಗಡಿಯವರು, ಹಡಗಲಿಯ ಬೀಗರು ಇನ್ನೂ ಆ ನಂಬರಿಗೇ ಹಚ್ಚುತ್ತಾರೆ. ಮೊನ್ನೆ ಯುಗಾದಿಗೆ ನಾನೂ ಮರೆತು ಅದಕ್ಕೇ ಹಚ್ಚಿದೆ. ಆಚೆಯಿಂದ ಅವಸರದ ದನಿ: “ಟೀಚರಮ್ಮಾರು ನಂಬರ್ ಬದಲ್ ಮಾಡ್ಯಾರ್ರೀ. ಪೆನ್ನು ಐತೇನ್ರೀ? ಬರ್ಕೊಳ್ರಿ.”